ಒಂದೇ ಹೆಸರಿದ್ದ ಮತಪತ್ರ

(ಕಳೆದ ತಿಂಗಳು ನಮ್ಮ ಊರಿನ ಗ್ರಂಥಾಲಯದ ಸಭಾಂಗಣದಲ್ಲಿ ಆಡಿದ ಮಾತುಗಳಿವು. ಬರಹಕ್ಕೆ ಇಳಿಸುವಾಗ ಅಲ್ಲಲ್ಲಿ ತಿದ್ದಿದ್ದೇನೆ. ಸಭಿಕರು ಕೇಳಿದ ಎರಡು ಪ್ರಶ್ನೆಗಳನ್ನು ಮಾತಿನ ಒಳಗೇ ಸೇರಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಚುನಾವಣೆಯ ಬಗ್ಗೆ ಮಾತನಾಡಲು ನನ್ನನ್ನು ಕರೆದಿದ್ದೀರಿ. ಸ್ಪರ್ಧೆಯೇ ನಡೆಯದ ಎರಡು ಚುನಾವಣೆಗಳಿಂದ ಆರಂಭಿಸುತ್ತೇನೆ.

ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ನೈಋತ್ಯ ಮೂಲೆಯಲ್ಲಿ ಪಿಟ್ಸ್‌ಬರ್ಗ್ ನಗರವಿದೆ. ಆ ಹೆಸರು ಕೇಳಿದೊಡನೆ ನಮ್ಮ ಅನೇಕರಿಗೆ ನೆನಪಾಗುವುದು ಪೆನ್ ಹಿಲ್ಸ್‌ನ ವೆಂಕಟೇಶ್ವರ ದೇವಸ್ಥಾನ. ನಗರ ಬಿಟ್ಟು ದಕ್ಷಿಣಕ್ಕೆ ಹೊರಟರೆ ಮೊದಲು ಮೌಂಟ್ ಲೆಬನಾನ್, ಅಪ್ಪರ್ ಸೇಂಟ್ ಕ್ಲೇರ್‌ನಂಥ ಅನುಕೂಲಸ್ಥರ ಊರುಗಳು ಸಿಗುತ್ತವೆ. ಆಮೇಲೆ ಉಕ್ಕಿನ ಕಾರ್ಖಾನೆಗಳನ್ನು ನಂಬಿ ಬೆಳೆದ ಪಟ್ಟಣಗಳು. ಇನ್ನೂ ಕೆಳಗೆ ಇಳಿದರೆ ಗ್ರೀನ್ ಕೌಂಟಿಯ (ಕೌಂಟಿ ಎಂದರೆ ನಮ್ಮ ಜಿಲ್ಲೆಯ ಹಾಗೆ) ಕಲ್ಲಿದ್ದಲು ಗಣಿಗಳು. ಇವೆಲ್ಲ ಸೇರಿ ಪೆನ್ಸಿಲ್ವೇನಿಯಾದ ಹದಿನೆಂಟನೆಯ ಕಾಂಗ್ರೆಸ್ ಕ್ಷೇತ್ರವಾಗಿತ್ತು.

ಕಾಂಗ್ರೆಸ್ ಎಂದೊಡನೆ ನಮ್ಮ ಕಿವಿಗೆ ಒಂದು ಪಕ್ಷದ ಹೆಸರು ಕೇಳಿಸುತ್ತದೆ. ಅಲ್ಲಿ ಅದು ಸಂಸತ್ತಿನ ಹೆಸರು. ನಾನು ಈ ಹೊತ್ತು ಮಾತನಾಡುವುದು ಅದರ ಕೆಳಮನೆಯಾದ ಪ್ರತಿನಿಧಿ ಸಭೆಯ ಬಗ್ಗೆ. ಅದರಲ್ಲಿ 435 ಸ್ಥಾನಗಳಿವೆ, ಸದಸ್ಯರ ಅವಧಿ ಎರಡೇ ವರ್ಷ, ಒಂದೊಂದು ಕ್ಷೇತ್ರದ ಜನಸಂಖ್ಯೆ ಏಳು ಲಕ್ಷ ದಾಟುತ್ತದೆ. ಹದಿನೆಂಟನೆಯ ಕ್ಷೇತ್ರದಲ್ಲಿ 2003ರಿಂದ ರಿಪಬ್ಲಿಕನ್ ಪಕ್ಷದ ಟಿಮ್ ಮರ್ಫಿ ಸದಸ್ಯರಾಗಿದ್ದರು. 2014ರಲ್ಲಿ ಅವರ ಎದುರು ಡೆಮಾಕ್ರಟಿಕ್ ಪಕ್ಷ ಅಭ್ಯರ್ಥಿಯನ್ನು ನಿಲ್ಲಿಸಲಿಲ್ಲ. 2016ರಲ್ಲೂ ನಿಲ್ಲಿಸಲಿಲ್ಲ. ಮತದಾರ ಮತಗಟ್ಟೆಗೆ ಹೋದರೆ ಆ ಸ್ಥಾನಕ್ಕೆ ಒಂದೇ ಹೆಸರು ಮುದ್ರಿತವಾಗಿತ್ತು. ಅದನ್ನು ಒತ್ತಬಹುದು ಅಥವಾ ಬಿಡಬಹುದು.

ಆ ಎರಡನೆಯ ಚುನಾವಣೆಯಾಗಿ ಹದಿನಾರು ತಿಂಗಳಿಗೆ, 2018ರ ಮಾರ್ಚ್ 13ರಂದು, ಅದೇ ಕ್ಷೇತ್ರವನ್ನು ಡೆಮಾಕ್ರಟರು ಗೆದ್ದರು. ನಿಲ್ಲಲು ಆಳೇ ಸಿಗದ ಜಾಗದಲ್ಲಿ ಗೆಲುವು ಹೇಗೆ ಬಂತು? ನನ್ನ ಇವತ್ತಿನ ಮಾತೆಲ್ಲ ಈ ಪ್ರಶ್ನೆಯ ಸುತ್ತಲೇ ಇದೆ.

ಮೊದಲು ಖಾಲಿ ಸ್ಥಾನ ಎಂಬುದರ ಬೆಲೆಯನ್ನು ತಿಳಿಯಬೇಕು. ಅಮೆರಿಕದ ಕೆಳಮನೆಯ ಹಾಲಿ ಸದಸ್ಯ ಮತ್ತೆ ಸ್ಪರ್ಧಿಸಿದರೆ ಹತ್ತಕ್ಕೆ ಒಂಬತ್ತು ಸಲಕ್ಕಿಂತಲೂ ಹೆಚ್ಚು ಅವನೇ ಗೆಲ್ಲುತ್ತಾನೆ. ನಮ್ಮಲ್ಲಿ ಹಾಲಿ ಶಾಸಕರ ಮೇಲೆ ಜನ ಬೇಸರಗೊಂಡು ಸೋಲಿಸುವುದು ಸಾಮಾನ್ಯ, ಅಲ್ಲಿ ಅದು ಅಪರೂಪ. ಹಾಲಿ ಸದಸ್ಯನಿಗೆ ಸರ್ಕಾರದ ಸಂಬಳ ಪಡೆಯುವ ಸಿಬ್ಬಂದಿ ಇರುತ್ತಾರೆ. ನಿವೃತ್ತ ಸೈನಿಕನ ಪಿಂಚಣಿ ತಡವಾದರೆ, ಯಾರದೋ ಪಾಸ್‌ಪೋರ್ಟ್ ಸಿಕ್ಕಿಬಿದ್ದರೆ ಜನ ಬರುವುದು ಅವನ ಕಚೇರಿಗೆ. ಹದಿನೈದು ವರ್ಷ ಹೀಗೆ ಕೆಲಸ ಮಾಡಿಕೊಟ್ಟವನ ಪಕ್ಷ ಯಾವುದು ಎಂದು ಜನ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಅವನು ರಾಜೀನಾಮೆ ಕೊಟ್ಟ ದಿನ ಆ ಋಣವೆಲ್ಲ ಅವನ ಜೊತೆಯೇ ಹೋಗುತ್ತದೆ, ಪಕ್ಷಕ್ಕೆ ವರ್ಗವಾಗುವುದಿಲ್ಲ. ಜೊತೆಗೆ ಸಂವಿಧಾನದ ಒಂದು ಕಟ್ಟಳೆಯೂ ಇದೆ. ಮೇಲ್ಮನೆಯಾದ ಸೆನೆಟ್‌ನ ಸ್ಥಾನ ತೆರವಾದರೆ ಹೆಚ್ಚಿನ ರಾಜ್ಯಗಳಲ್ಲಿ ರಾಜ್ಯಪಾಲರು ಯಾರನ್ನಾದರೂ ತಾತ್ಕಾಲಿಕವಾಗಿ ನೇಮಿಸಬಹುದು. ಕೆಳಮನೆಯ ಸ್ಥಾನಕ್ಕೆ ನೇಮಕವೇ ಇಲ್ಲ, ಅದನ್ನು ಜನರೇ ತುಂಬಬೇಕು.

ಮರ್ಫಿಯವರು 2017ರ ಅಕ್ಟೋಬರಿನಲ್ಲಿ ರಾಜೀನಾಮೆ ಕೊಟ್ಟರು. ಗರ್ಭಪಾತದ ಕಟ್ಟಾ ವಿರೋಧಿ ಎಂದು ಹೆಸರಾಗಿದ್ದ ಅವರು, ತಮ್ಮ ಜೊತೆ ವಿವಾಹೇತರ ಸಂಬಂಧ ಹೊಂದಿದ್ದ ಮಹಿಳೆಗೆ ಗರ್ಭಪಾತ ಮಾಡಿಸಿಕೊಳ್ಳಲು ಸೂಚಿಸಿದ್ದರು ಎಂಬ ವರದಿ ಪಿಟ್ಸ್‌ಬರ್ಗಿನ ಪತ್ರಿಕೆಯಲ್ಲಿ ಬಂದಿತ್ತು. ಬಾಗಿಲು ತೆರೆದುಕೊಂಡದ್ದು ಹೀಗೆ. ಆದರೂ ಒಳಗೆ ಹೋಗುವುದು ಸುಲಭವಾಗಿರಲಿಲ್ಲ. 2016ರಲ್ಲಿ ಡೊನಾಲ್ಡ್ ಟ್ರಂಪ್ ಅಲ್ಲಿ ಹೆಚ್ಚು ಕಡಿಮೆ 20 ಶೇಕಡಾ ಅಂಶಗಳ ಮುನ್ನಡೆ ಪಡೆದಿದ್ದರು. ಕ್ಷೇತ್ರಗಳ ಒಲವನ್ನು ಅಳೆಯುವ ಕುಕ್ ಸೂಚ್ಯಂಕ ಎಂಬುದೊಂದಿದೆ. ಅಧ್ಯಕ್ಷೀಯ ಚುನಾವಣೆಗಳಲ್ಲಿ ಆ ಕ್ಷೇತ್ರ ಹೇಗೆ ನಡೆದುಕೊಂಡಿತು ಎಂಬುದನ್ನು ಇಡೀ ದೇಶದ ಸರಾಸರಿಯ ಜೊತೆ ಹೋಲಿಸಿ ಒಂದು ಅಂಕಿ ಕೊಡುತ್ತಾರೆ. ಈ ಕ್ಷೇತ್ರ ರಿಪಬ್ಲಿಕನ್ ಕಡೆಗೆ 11 ಅಂಶ ವಾಲಿತ್ತು. ನಮ್ಮ ಮಾತಿನಲ್ಲಿ ಹೇಳುವುದಾದರೆ, ರಿಪಬ್ಲಿಕನ್ನರು ಲೈಟು ಕಂಬ ನಿಲ್ಲಿಸಿದ್ದರೂ ಗೆಲ್ಲಬಹುದಾಗಿದ್ದ ಜಾಗ.

ಇಲ್ಲಿ ಒಂದು ವಿಷಯವನ್ನು ನೀವು ಗಮನಿಸಬೇಕು. ಅಮೆರಿಕದ ಹಲವು ರಾಜ್ಯಗಳಲ್ಲಿ ಮತದಾರ ತನ್ನ ಪಕ್ಷ ಯಾವುದೆಂದು ಪಟ್ಟಿಯಲ್ಲೇ ನಮೂದಿಸಿಕೊಳ್ಳುತ್ತಾನೆ. ಈ ಕ್ಷೇತ್ರದ ಪಟ್ಟಿಯನ್ನು ತೆರೆದು ನೋಡಿದರೆ ರಿಪಬ್ಲಿಕನ್ನರಿಗಿಂತ ಡೆಮಾಕ್ರಟರೇ ಹೆಚ್ಚು! ಅಪ್ಪ ಗಣಿಯಲ್ಲಿದ್ದ, ಅಜ್ಜ ಉಕ್ಕಿನ ಕುಲುಮೆಯಲ್ಲಿದ್ದ, ಕಾರ್ಮಿಕ ಸಂಘದ ಕಾರ್ಡು ಜೇಬಿನಲ್ಲಿತ್ತು. ಆ ಕಾಲದಲ್ಲಿ ಬರೆಸಿದ ಪಕ್ಷದ ಹೆಸರು ಹಾಗೆಯೇ ಉಳಿದಿದೆ, ಮತ ಮಾತ್ರ ಬೇರೆ ಕಡೆ ಹೋಗಿದೆ. ಎದುರಾಳಿಯ ನೆಲ ಎಂದು ನಾವು ಕರೆಯುವುದು ಎಷ್ಟೋ ಸಲ ಒಂದು ಪಕ್ಷ ತಾನೇ ಬೀಗ ಹಾಕಿಕೊಂಡು ಬಿಟ್ಟುಬಂದ ಮನೆಯಾಗಿರುತ್ತದೆ. ಈ ಅಭಿಪ್ರಾಯಕ್ಕೆ ನಾನು ಬಂದದ್ದು ಈ ಪಟ್ಟಿಯ ಸಂಗತಿ ತಿಳಿದ ಮೇಲೆ.

ಸರಿ, ಅಭ್ಯರ್ಥಿಗಳು. ಅಮೆರಿಕದಲ್ಲಿ ಸಾಮಾನ್ಯವಾಗಿ ಪಕ್ಷದ ಟಿಕೆಟ್ ಯಾರಿಗೆ ಎಂಬುದನ್ನು ಪ್ರೈಮರಿ ಎಂಬ ಒಳಚುನಾವಣೆಯಲ್ಲಿ ಮತದಾರರೇ ತೀರ್ಮಾನಿಸುತ್ತಾರೆ. ಪೆನ್ಸಿಲ್ವೇನಿಯಾದಲ್ಲಿ ಉಪಚುನಾವಣೆಗೆ ಮಾತ್ರ ಆ ಕ್ರಮವಿಲ್ಲ, ಪಕ್ಷದ ಸ್ಥಳೀಯ ಪ್ರತಿನಿಧಿಗಳು ಸಭೆ ಸೇರಿ ಆರಿಸುತ್ತಾರೆ. ನಮ್ಮ ಬಿ ಫಾರಂ ಪದ್ಧತಿಗೆ ಸ್ವಲ್ಪ ಹತ್ತಿರ, ಆದರೆ ತೀರ್ಮಾನ ದಿಲ್ಲಿಯಂಥ ದೂರದ ರಾಜಧಾನಿಯದಲ್ಲ, ಊರಿನ ಕಾರ್ಯಕರ್ತರದು. ಡೆಮಾಕ್ರಟರು ಕಾನರ್ ಲ್ಯಾಂಬ್ ಎಂಬ 33 ವರ್ಷದ ವಕೀಲರನ್ನು ಆರಿಸಿದರು. ಅವರು ಮರೀನ್ ಪಡೆಯಲ್ಲಿದ್ದವರು, ಕೇಂದ್ರ ಸರ್ಕಾರದ ಪರ ಅಭಿಯೋಜಕರಾಗಿದ್ದವರು, ಮೌಂಟ್ ಲೆಬನಾನ್‌ನವರೇ. ಅಜ್ಜ ರಾಜ್ಯ ಸೆನೆಟ್‌ನಲ್ಲಿ ಬಹುಮತದ ನಾಯಕರಾಗಿದ್ದರು. ರಿಪಬ್ಲಿಕನ್ನರು ಆರಿಸಿದ್ದು ರಾಜ್ಯ ಶಾಸಕ ರಿಕ್ ಸಾಕೋನ್ ಅವರನ್ನು. ಟ್ರಂಪ್ ಬರುವುದಕ್ಕೆ ಮೊದಲೇ ತಾನು ಟ್ರಂಪ್ ಆಗಿದ್ದೆ ಎಂಬರ್ಥದ ಮಾತನ್ನು ಅವರು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದರು.

ಕಾರ್ಮಿಕ ಸಂಘಗಳ ನಡೆ ಈ ಚುನಾವಣೆಯ ತಿರುಳು. ಮರ್ಫಿ ರಿಪಬ್ಲಿಕನ್ ಆಗಿದ್ದರೂ ಸಂಘಗಳ ಜೊತೆ ಚೆನ್ನಾಗಿದ್ದರು, ಸಂಘಗಳು ಅವರನ್ನು ಬೆಂಬಲಿಸುತ್ತಿದ್ದವು. ಡೆಮಾಕ್ರಟರಿಗೆ ಅಲ್ಲಿ ಆಳು ಸಿಗದಿದ್ದುದಕ್ಕೆ ಅದೂ ಒಂದು ಕಾರಣ. ಸಾಕೋನ್ ಅವರ ಶಾಸನಸಭೆಯ ದಾಖಲೆ ಬೇರೆಯಾಗಿತ್ತು, ಸಂಘಗಳು ಅವರನ್ನು ವಿರೋಧಿ ಎಂದೇ ಎಣಿಸಿದವು. ಗ್ರೀನ್ ಕೌಂಟಿಯ ಗಣಿ ಕಾರ್ಮಿಕರಿಗೆ ಆಗ ಒಂದೇ ಚಿಂತೆ. ನೆಲದಡಿಯಲ್ಲಿ ಜೀವಮಾನ ಕಳೆದು ಗಳಿಸಿದ ಪಿಂಚಣಿ ಕೈಗೆ ಬರುತ್ತದೋ ಇಲ್ಲವೋ ಎಂದು. ಕಲ್ಲಿದ್ದಲು ಕಂಪನಿಗಳು ದಿವಾಳಿಯಾಗುತ್ತಾ ಹೋದಂತೆ ಪಿಂಚಣಿ ನಿಧಿ ಬತ್ತುತ್ತಿತ್ತು. ಲ್ಯಾಂಬ್ ಆ ಪಿಂಚಣಿಯ ಬಗ್ಗೆ ಮಾತನಾಡಿದರು. ಗಣಿ ಕಾರ್ಮಿಕರ ಸಂಘದ ಅಧ್ಯಕ್ಷ ಸೆಸಿಲ್ ರಾಬರ್ಟ್ಸ್ ಅವರ ಪರವಾಗಿ ನಿಂತರು. ದೇವರಿಗೆ ಅಂಜುವ, ಬಂದೂಕು ಇಟ್ಟುಕೊಂಡ, ಸಂಘವನ್ನು ಕಾಯುವ, ಪಿಂಚಣಿಯನ್ನು ಉಳಿಸುವ ಡೆಮಾಕ್ರಟ್ ಈತ ಎಂದು ಪರಿಚಯಿಸಿದರು. ಆ ಪರಿಚಯದ ಒಂದೊಂದು ಗುಣಕ್ಕೂ ಆ ಸೀಮೆಯಲ್ಲಿ ಮತವಿದೆ. ವಾಷಿಂಗ್ಟನ್ನಿನಿಂದ ಬಂದ ಸಲಹೆಗಾರ ಅಂಥ ಪಟ್ಟಿ ಕಟ್ಟಲಾರ.

ಎದುರು ಕಡೆಯವರು ಕೈಕಟ್ಟಿ ಕೂತಿರಲಿಲ್ಲ. ಹೊರಗಿನ ರಿಪಬ್ಲಿಕನ್ ಸಂಘಟನೆಗಳು ಒಂದು ಕೋಟಿ ಡಾಲರಿನಷ್ಟು ಹಣ ಸುರಿದವು. ಮೊದಲು ಹೊಸ ತೆರಿಗೆ ಕಡಿತವನ್ನು ಜಾಹೀರಾತುಗಳಲ್ಲಿ ಹೊಗಳಿದರು; ಅದು ತಾಗಲಿಲ್ಲವೆಂದು ಕಂಡಾಗ ಅಪರಾಧ, ವಲಸೆ ಎಂದು ಮಾತು ಬದಲಿಸಿದರು. ಟ್ರಂಪ್ ಮಾರ್ಚ್ 8ರಂದು ಉಕ್ಕಿನ ಆಮದಿನ ಮೇಲೆ ಸುಂಕದ ಆದೇಶಕ್ಕೆ ಸಹಿ ಹಾಕಿದರು, ಎರಡು ದಿನ ಬಿಟ್ಟು ಪಿಟ್ಸ್‌ಬರ್ಗ್ ಹತ್ತಿರ ದೊಡ್ಡ ಸಭೆ ನಡೆಸಿದರು. ಲ್ಯಾಂಬ್ ಉಕ್ಕಿನ ಸುಂಕವನ್ನು ವಿರೋಧಿಸಲಿಲ್ಲ. ಉಕ್ಕಿನ ಸೀಮೆಯಲ್ಲಿ ನಿಂತು ಅದನ್ನು ವಿರೋಧಿಸುವವರು ಯಾರು? ಹೀಗಾಗಿ ಆ ಅಸ್ತ್ರವೂ ಮೊಂಡಾಯಿತು.

ಎಲ್ಲಕ್ಕಿಂತ ಹೆಚ್ಚು ಬಾರಿ ಪ್ರಯೋಗವಾದದ್ದು ಇನ್ನೊಂದು ಅಸ್ತ್ರ. ಲ್ಯಾಂಬ್ ಗೆದ್ದರೆ ಕೆಳಮನೆಯ ಡೆಮಾಕ್ರಟರ ನಾಯಕಿ ನ್ಯಾನ್ಸಿ ಪೆಲೋಸಿಯ ಕೈಗೊಂಬೆಯಾಗುತ್ತಾರೆ ಎಂದು. ಸ್ಯಾನ್ ಫ್ರಾನ್ಸಿಸ್ಕೋದ ಆ ನಾಯಕಿಯ ಹೆಸರು ಇಂಥ ಕ್ಷೇತ್ರಗಳಲ್ಲಿ ಬೈಗುಳದಂತೆ ಬಳಕೆಯಾಗುತ್ತಿತ್ತು. ಲ್ಯಾಂಬ್ ಜನವರಿಯಲ್ಲೇ ಹೇಳಿಬಿಟ್ಟರು, ನಾಯಕತ್ವಕ್ಕೆ ತಾನು ಪೆಲೋಸಿಯನ್ನು ಬೆಂಬಲಿಸುವುದಿಲ್ಲ ಎಂದು.

ಸಭೆಯಲ್ಲಿ ಹಿರಿಯರೊಬ್ಬರು ಇಲ್ಲಿ ತಡೆದು ಕೇಳಿದರು: “ತನ್ನ ಪಕ್ಷದ ನಾಯಕಿಗೇ ಮತ ಹಾಕುವುದಿಲ್ಲ ಎಂದವನು ಆ ಪಕ್ಷದವನು ಹೇಗಾದ? ಗೆಲ್ಲುವುದಕ್ಕಾಗಿ ಆಡಿದ ಮಾತಲ್ಲವೇ ಅದು?” ಪ್ರಶ್ನೆ ನ್ಯಾಯವಾದದ್ದು. ನಮ್ಮಲ್ಲಿ ಹಾಗೆ ಹೇಳಿದವರಿಗೆ ಅದೇ ಸಂಜೆ ಉಚ್ಚಾಟನೆಯ ಪತ್ರ ಬರುತ್ತದೆ, ಸದನದಲ್ಲಿ ವಿಪ್ ಮೀರಿದರೆ ಸದಸ್ಯತ್ವವೇ ಹೋಗುತ್ತದೆ. ಅಲ್ಲಿ ಪಕ್ಷಾಂತರ ನಿಷೇಧದ ಕಾಯ್ದೆಯಿಲ್ಲ, ಸದಸ್ಯ ತನ್ನ ಕ್ಷೇತ್ರಕ್ಕೆ ಮೊದಲು ಉತ್ತರ ಕೊಡುತ್ತಾನೆ. ಲ್ಯಾಂಬ್ ಆಡಿದ್ದನ್ನು ಮಾಡಿಯೂ ತೋರಿಸಿದರು. 2019ರ ಜನವರಿಯಲ್ಲಿ ಸಭಾಧ್ಯಕ್ಷ ಸ್ಥಾನಕ್ಕೆ ಮತದಾನ ನಡೆದಾಗ ಪೆಲೋಸಿಗೆ ಮತ ಹಾಕದೆ ಜೋ ಕೆನಡಿಯವರ ಹೆಸರು ಹೇಳಿದರು. ಪಕ್ಷ ಅವರನ್ನು ಹೊರಗೆ ಹಾಕಲಿಲ್ಲ. ನನ್ನ ಮಟ್ಟಿಗೆ ಎದುರಾಳಿಯ ನೆಲದಲ್ಲಿ ಗೆಲ್ಲಬಯಸುವ ಪಕ್ಷದ ನಿಜವಾದ ಪರೀಕ್ಷೆ ಇದೇ. ತನಗೆ ಒಪ್ಪಿಗೆಯಾಗದ ಮಾತನ್ನು ತನ್ನದೇ ಮನುಷ್ಯ ಆಡುವುದನ್ನು ಸಹಿಸುವ ಎದೆ ಅದಕ್ಕೆ ಇದೆಯೇ? ಇಲ್ಲದಿದ್ದರೆ ಆ ಪಕ್ಷ ತನ್ನಂತೆಯೇ ಇರುವ ಊರುಗಳಲ್ಲಿ ಮಾತ್ರ ಗೆಲ್ಲುತ್ತದೆ.

ಮತ ಎಣಿಕೆಯ ರಾತ್ರಿ ಎರಡು ಲಕ್ಷ ಇಪ್ಪತ್ತು ಸಾವಿರಕ್ಕೂ ಹೆಚ್ಚು ಮತಗಳಲ್ಲಿ ಲ್ಯಾಂಬ್ ಅವರ ಮುನ್ನಡೆ ಒಂದು ಸಾವಿರವನ್ನೂ ಮುಟ್ಟಲಿಲ್ಲ. ಸಾಕೋನ್ ಸೋಲೊಪ್ಪಿಕೊಳ್ಳಲು ಮಾರ್ಚ್ 21ರವರೆಗೆ ಕಾದರು. ನಾಲ್ಕು ಕೌಂಟಿಗಳಲ್ಲಿ ಲ್ಯಾಂಬ್ ಗೆದ್ದದ್ದು ಒಂದೇ, ಪಿಟ್ಸ್‌ಬರ್ಗ್ ಉಪನಗರಗಳಿರುವ ಅಲೆಗೆನಿ. ವಾಷಿಂಗ್ಟನ್, ವೆಸ್ಟ್‌ಮೋರ್ಲ್ಯಾಂಡ್, ಗ್ರೀನ್ ಮೂರರಲ್ಲೂ ಅವರು ಸೋತರು. ಆದರೆ ಕಡಿಮೆ ಅಂತರದಲ್ಲಿ ಸೋತರು, ಗೆಲುವು ಅಡಗಿದ್ದು ಆ ಕಡಿಮೆಯಲ್ಲಿ. ಗಣಿಯ ಊರೊಂದರಲ್ಲಿ ನೂರಕ್ಕೆ ಮೂವತ್ತರ ಬದಲು ನಲವತ್ತು ಮತ ತಂದವನನ್ನು ಆ ಊರಿನ ಲೆಕ್ಕದಲ್ಲಿ ಸೋತವನೆಂದೇ ಬರೆಯುತ್ತಾರೆ. ಕ್ಷೇತ್ರದ ಲೆಕ್ಕ ಬೇರೆ.

ಈಗ ಇದಕ್ಕೆ ಒಂದು ವರ್ಷ ಹಿಂದಕ್ಕೆ, ಜಾರ್ಜಿಯಾ ರಾಜ್ಯಕ್ಕೆ ಬನ್ನಿ. ಅಟ್ಲಾಂಟಾದ ಉತ್ತರದ ಉಪನಗರಗಳಾದ ಆಲ್ಫಾರೆಟ್ಟಾ, ಜಾನ್ಸ್ ಕ್ರೀಕ್ ಕಡೆ ನಿಮ್ಮಲ್ಲಿ ಕೆಲವರ ಮಕ್ಕಳು ಇರಬಹುದು, ಕನ್ನಡದ ಕುಟುಂಬಗಳು ಅಲ್ಲಿ ಸಾಕಷ್ಟಿವೆ. ಅವು ಸೇರಿದ್ದು ಜಾರ್ಜಿಯಾದ ಆರನೆಯ ಕ್ಷೇತ್ರಕ್ಕೆ. ನ್ಯೂಟ್ ಗಿಂಗ್ರಿಚ್ ಗೆಲ್ಲುತ್ತಿದ್ದ ಕ್ಷೇತ್ರವದು, 1979ರಿಂದ ರಿಪಬ್ಲಿಕನ್ನರ ಕೈಯಲ್ಲೇ ಇತ್ತು. ಸದಸ್ಯರಾಗಿದ್ದ ಟಾಮ್ ಪ್ರೈಸ್ ಟ್ರಂಪ್ ಸಂಪುಟಕ್ಕೆ ಹೋದಾಗ ಸ್ಥಾನ ತೆರವಾಯಿತು. ಪ್ರೈಸ್ 20 ಅಂಶಗಳಿಗೂ ಹೆಚ್ಚಿನ ಅಂತರದಲ್ಲಿ ಗೆದ್ದಿದ್ದ ದಿನವೇ ಟ್ರಂಪ್ ಅಲ್ಲಿ ಬರೀ ಒಂದೂವರೆ ಅಂಶದಿಂದ ದಾಟಿದ್ದರು. ಓದಿದವರು ಹೆಚ್ಚಿರುವ ಸಿರಿವಂತ ಊರುಗಳು ಅಧ್ಯಕ್ಷರ ಮೇಲೆ ಮುನಿದಿದ್ದವು. ಪೆನ್ಸಿಲ್ವೇನಿಯಾಕ್ಕಿಂತ ಇದು ಸುಲಭದ ತುತ್ತು ಎಂದು ಎಲ್ಲರೂ ಎಣಿಸಿದರು.

ಡೆಮಾಕ್ರಟರ ಅಭ್ಯರ್ಥಿ 30 ವರ್ಷದ ಜಾನ್ ಆಸಾಫ್. ದೇಶದ ಮೂಲೆಮೂಲೆಯಿಂದ ಹಣ ಹರಿಯಿತು, ಎರಡೂ ಕಡೆಯ ಖರ್ಚು ಸೇರಿ ಐದು ಕೋಟಿ ಡಾಲರ್ ದಾಟಿತು. ಕೆಳಮನೆಯ ಒಂದು ಸ್ಥಾನಕ್ಕೆ ಅಷ್ಟು ಖರ್ಚು ಅದುವರೆಗೆ ಆಗಿರಲಿಲ್ಲ. 2017ರ ಏಪ್ರಿಲ್ 18ರ ಮೊದಲ ಸುತ್ತಿನಲ್ಲಿ ಅವರಿಗೆ ಬಂದದ್ದು ಶೇ 48.1. ಶೇ 50 ದಾಟಿದ್ದರೆ ಅಲ್ಲೇ ಮುಗಿಯುತ್ತಿತ್ತು. ಜೂನ್ 20ರ ಎರಡನೆಯ ಸುತ್ತಿನಲ್ಲಿ ಅವರಿಗೆ ಬಂದದ್ದು ಶೇ 48.2. ಎರಡು ತಿಂಗಳ ಪ್ರಚಾರಕ್ಕೆ, ಕೋಟಿ ಕೋಟಿ ಹಣಕ್ಕೆ, ಶೇ 0.1! ರಿಪಬ್ಲಿಕನ್ ಪಕ್ಷದ ಕ್ಯಾರೆನ್ ಹ್ಯಾಂಡೆಲ್ ಗೆದ್ದರು. ಆಸಾಫ್ ವಾಸವಾಗಿದ್ದುದು ಕ್ಷೇತ್ರದ ಗಡಿಯಿಂದ ಸ್ವಲ್ಪ ಆಚೆ, ಅದನ್ನು ಎದುರಾಳಿಗಳು ದಿನವೂ ಎತ್ತಿ ಆಡಿದರು. ಕ್ಯಾಲಿಫೋರ್ನಿಯಾದ ಹಣ, ಹೊರಗಿನ ಹುಡುಗ ಎಂದು. ನನಗೆ ಕಾಣುವಂತೆ ಹಣಕ್ಕಿಂತ ಹೆಚ್ಚು ಕೆಡಿಸಿದ್ದು ಗದ್ದಲ. ಇಡೀ ದೇಶ ಒಂದು ಉಪಚುನಾವಣೆಯನ್ನು ಅಧ್ಯಕ್ಷರ ಬಗೆಗಿನ ಜನಮತವೆಂದು ಕೂಗಿ ಹೇಳಿದಾಗ, ಬೇಸರದಿಂದ ಮನೆಯಲ್ಲಿ ಕೂರಬೇಕಿದ್ದ ರಿಪಬ್ಲಿಕನ್ ಮತದಾರನೂ ಎದ್ದು ಚಪ್ಪಲಿ ಮೆಟ್ಟಿಕೊಂಡು ಮತಗಟ್ಟೆಗೆ ಹೋಗುತ್ತಾನೆ. ಅದೇ ದಿನ ನೆರೆಯ ದಕ್ಷಿಣ ಕ್ಯಾರೊಲೈನಾದ ಐದನೆಯ ಕ್ಷೇತ್ರದಲ್ಲೂ ಉಪಚುನಾವಣೆ ಇತ್ತು. ಅದು ಜಾರ್ಜಿಯಾಕ್ಕಿಂತ ಎಷ್ಟೋ ಗಟ್ಟಿಯಾದ ರಿಪಬ್ಲಿಕನ್ ನೆಲ. ಪತ್ರಿಕೆಗಳು ಅತ್ತ ನೋಡಲೇ ಇಲ್ಲ. ಅಲ್ಲಿ ಡೆಮಾಕ್ರಟಿಕ್ ಅಭ್ಯರ್ಥಿ ಆರ್ಚಿ ಪಾರ್ನೆಲ್ ಸೋತದ್ದು ಸುಮಾರು ಮೂರು ಅಂಶಗಳಿಂದ, ಆಸಾಫ್ ಅವರಿಗಿಂತ ಕಡಿಮೆ ಅಂತರದಲ್ಲಿ.

ಆದರೆ ಜಾರ್ಜಿಯಾದ ಕಥೆ ಜೂನ್ ತಿಂಗಳಿಗೆ ಮುಗಿಯಲಿಲ್ಲ. 2018ರ ನವೆಂಬರಿನಲ್ಲಿ ಡೆಮಾಕ್ರಟಿಕ್ ಪಕ್ಷದ ಲೂಸಿ ಮೆಕ್‌ಬಾತ್ ಅದೇ ಕ್ಷೇತ್ರದಲ್ಲಿ ಹ್ಯಾಂಡೆಲ್ ಅವರನ್ನು ಸುಮಾರು ಒಂದು ಅಂಶದ ಅಂತರದಿಂದ ಸೋಲಿಸಿದರು. ಆಕೆಯ ಮಗ ಜೋರ್ಡನ್ ಡೇವಿಸ್‌ನನ್ನು 2012ರಲ್ಲಿ ಫ್ಲಾರಿಡಾದ ಪೆಟ್ರೋಲ್ ಬಂಕ್ ಒಂದರಲ್ಲಿ ಗುಂಡಿಟ್ಟು ಕೊಂದಿದ್ದರು, ಕಾರಿನಲ್ಲಿ ಸಂಗೀತದ ಸದ್ದು ಜೋರಾಯಿತು ಎಂಬ ಜಗಳದಲ್ಲಿ. ಆ ತಾಯಿ ಬಂದೂಕು ನಿಯಂತ್ರಣದ ಮಾತನ್ನು ಹಿಡಿದು ರಾಜಕೀಯಕ್ಕೆ ಬಂದವರು. 2017ರಲ್ಲಿ ಯಾರ ಮನೆಯ ಬಾಗಿಲು ತಟ್ಟಬೇಕೆಂದು ಕಲಿತ ಕಾರ್ಯಕರ್ತರು 2018ರಲ್ಲಿ ಅದೇ ಬೀದಿಗಳಲ್ಲಿ ಇದ್ದರು. ಆಸಾಫ್ ಕೂಡ 2021ರ ಜನವರಿಯಲ್ಲಿ ಅದೇ ರಾಜ್ಯದಿಂದ ಸೆನೆಟ್‌ಗೆ ಗೆದ್ದುಬಂದರು. ಸೋತ ಚುನಾವಣೆಗೆ ಹಾಕಿದ ಹಣ ನೀರಿನಲ್ಲಿ ಹೋಮವಾಯಿತು ಎಂದು ಜೂನ್ ತಿಂಗಳಲ್ಲಿ ಬರೆದವರು ಹದಿನೇಳು ತಿಂಗಳು ಕಾಯಬೇಕಿತ್ತು.

ನನಗೆ ಬಹಳ ಇಷ್ಟವಾದ ಪ್ರಕರಣ ಮಾತ್ರ ಇನ್ನೂ ಹಳೆಯದು, ಮಿಸಿಸಿಪ್ಪಿಯದು. ಉತ್ತರ ಮಿಸಿಸಿಪ್ಪಿಯನ್ನು ಜೇಮಿ ವಿಟನ್ ಎಂಬ ಡೆಮಾಕ್ರಟ್ 1941ರಿಂದ 1995ರ ಜನವರಿಯವರೆಗೆ ಪ್ರತಿನಿಧಿಸಿದ್ದರು, ಐವತ್ತಮೂರು ವರ್ಷ. ಅವರು ನಿವೃತ್ತರಾದ ಮೇಲೆ ಅದು ರಿಪಬ್ಲಿಕನ್ ರೋಜರ್ ವಿಕರ್ ಅವರ ಪಾಲಾಯಿತು. 2004ರಲ್ಲಿ ಜಾರ್ಜ್ ಬುಷ್‌ಗೆ ಅಲ್ಲಿ ಬಂದ ಮತ ಶೇ 62. 2007ರ ಕೊನೆಗೆ ವಿಕರ್ ಸೆನೆಟ್‌ಗೆ ನೇಮಕಗೊಂಡರು, ಸ್ಥಾನ ತೆರವಾಯಿತು.

ಡೆಮಾಕ್ರಟರ ಕಡೆಯಿಂದ ನಿಂತವರು ಟ್ರಾವಿಸ್ ಚೈಲ್ಡರ್ಸ್. ಪ್ರೆಂಟಿಸ್ ಕೌಂಟಿಯ ಚಾನ್ಸರಿ ಕ್ಲರ್ಕ್ ಆಗಿದ್ದವರು, ಎಂದರೆ ಜಮೀನಿನ ಪತ್ರಗಳನ್ನು ಕಾಪಾಡುವ ಕಚೇರಿಯ ಮುಖ್ಯಸ್ಥರು. ಅಲ್ಲಿ ಅದು ಚುನಾಯಿತ ಹುದ್ದೆ. ನಮ್ಮ ಸಬ್ ರಿಜಿಸ್ಟ್ರಾರರನ್ನು ಜನರೇ ಆರಿಸುವಂತಿದ್ದರೆ ಹೇಗೋ ಹಾಗೆ. ಹದಿನೈದು ವರ್ಷಕ್ಕೂ ಹೆಚ್ಚು ಕಾಲ ಆ ಮೇಜಿನ ಹಿಂದೆ ಕೂತವರಿಗೆ ಯಾರ ಹೊಲದ ಬದು ಎಲ್ಲಿ, ಯಾವ ಅಣ್ಣತಮ್ಮಂದಿರ ನಡುವೆ ಯಾವ ವ್ಯಾಜ್ಯ ಎಂಬುದೆಲ್ಲ ಗೊತ್ತು. ಎದುರಿಗೆ ನಿಂತವರು ಸೌತ್‌ಹೇವನ್ ನಗರದ ಮೇಯರ್ ಗ್ರೆಗ್ ಡೇವಿಸ್. ಸೌತ್‌ಹೇವನ್ ಇರುವುದು ಕ್ಷೇತ್ರದ ಪಶ್ಚಿಮದ ತುದಿಯಲ್ಲಿ, ಟೆನೆಸಿ ರಾಜ್ಯದ ಮೆಂಫಿಸ್‌ಗೆ ಅಂಟಿಕೊಂಡು. ಪ್ರೈಮರಿಯಲ್ಲಿ ಅವರು ಟ್ಯುಪೆಲೊ ನಗರದ ಮಾಜಿ ಮೇಯರನ್ನು ಸೋಲಿಸಿ ಟಿಕೆಟ್ ಪಡೆದಿದ್ದರು, ಆ ಕಹಿ ಪೂರ್ವ ಭಾಗದ ಜನರಲ್ಲಿ ಉಳಿದಿತ್ತು. ಒಂದೇ ಪಕ್ಷದೊಳಗೆ ಎರಡು ಊರುಗಳ ಮತ್ಸರ ಏನು ಮಾಡಬಲ್ಲದು ಎಂಬುದನ್ನು ನಿಮಗೆ ನಾನು ವಿವರಿಸಬೇಕಾಗಿಲ್ಲ.

ಮಿಸಿಸಿಪ್ಪಿಯ ಉಪಚುನಾವಣೆಯ ಮತಪತ್ರದಲ್ಲಿ ಪಕ್ಷದ ಹೆಸರು ಇರುವುದಿಲ್ಲ, ಅಭ್ಯರ್ಥಿಗಳ ಹೆಸರು ಮಾತ್ರ. 2008ರ ಏಪ್ರಿಲ್ 22ರಂದು ಚೈಲ್ಡರ್ಸ್ ಶೇ 49 ಪಡೆದು ಹೊಸ್ತಿಲಲ್ಲಿ ನಿಂತರು. ಗಾಬರಿಯಾದ ರಿಪಬ್ಲಿಕನ್ನರು ಎರಡನೆಯ ಸುತ್ತಿನ ತುಂಬ ಬರಾಕ್ ಒಬಾಮಾ ಮತ್ತು ಅವರ ಹಳೆಯ ಪಾದ್ರಿ ಜೆರೆಮಾಯಾ ರೈಟ್ ಅವರ ಚಿತ್ರಗಳನ್ನು ಜಾಹೀರಾತಿನಲ್ಲಿ ತೋರಿಸಿದರು. ಮತದಾನದ ಹಿಂದಿನ ದಿನ ಉಪಾಧ್ಯಕ್ಷ ಡಿಕ್ ಚೇನಿಯವರೇ ಬಂದು ಹೋದರು. ಮೇ 13ರಂದು ಚೈಲ್ಡರ್ಸ್ ಶೇ 54 ಮತ ಪಡೆದು ಗೆದ್ದರು. ಜಮೀನಿನ ಪತ್ರಕ್ಕೆ ಮುದ್ರೆ ಒತ್ತಿಕೊಟ್ಟ ಮನುಷ್ಯನನ್ನು ಟಿವಿಯಲ್ಲಿ ಬಂದ ಅಪರಿಚಿತ ಮುಖಗಳಿಗೆ ಗಂಟು ಹಾಕಿದರೆ ಪೂರ್ವದ ಬಿಳಿಯ ರೈತ ನಂಬಲಿಲ್ಲ. ಇನ್ನು ಕ್ಷೇತ್ರದ ಸುಮಾರು ಕಾಲು ಭಾಗದಷ್ಟಿರುವ ಕಪ್ಪು ಸಮುದಾಯಕ್ಕೆ ಆ ಜಾಹೀರಾತು ಯಾರನ್ನು ಹೀಯಾಳಿಸುತ್ತಿದೆ ಎಂದು ಅರ್ಥವಾಗದೆ ಹೋಗುತ್ತದೆಯೇ?

ಇದು ಒಂದೇ ಪಕ್ಷದ ಕಥೆಯಲ್ಲ. ಒಬಾಮಾ ಹುಟ್ಟಿದ ಹೊನೊಲುಲುವಿನಲ್ಲಿ 2010ರ ಮೇ ತಿಂಗಳಲ್ಲಿ ರಿಪಬ್ಲಿಕನ್ ಚಾರ್ಲ್ಸ್ ಜೂ ಶೇ 39ರಷ್ಟು ಮತ ಪಡೆದೇ ಗೆದ್ದರು, ಏಕೆಂದರೆ ಇಬ್ಬರು ಡೆಮಾಕ್ರಟರು ಉಳಿದದ್ದನ್ನು ಹಂಚಿಕೊಂಡರು. ಆರು ತಿಂಗಳಲ್ಲಿ ಸ್ಥಾನ ಮರಳಿ ಹೋಯಿತು. ನ್ಯೂಯಾರ್ಕಿನ ಕ್ವೀನ್ಸ್ ಮತ್ತು ಬ್ರೂಕ್ಲಿನ್ ಭಾಗದಲ್ಲಿ 2011ರಲ್ಲಿ ಬಾಬ್ ಟರ್ನರ್ ಗೆದ್ದರು, ಮರುವರ್ಷ ಆ ಕ್ಷೇತ್ರವನ್ನೇ ನಕ್ಷೆಯಿಂದ ಅಳಿಸಿದರು.

ಅಲಾಸ್ಕಾದ ವಿಷಯದಲ್ಲಿ ಸ್ವಲ್ಪ ನಿಲ್ಲುತ್ತೇನೆ, ಏಕೆಂದರೆ ಅಲ್ಲಿ ಮತ ಎಣಿಸುವ ನಿಯಮವೇ ಆಟವನ್ನು ಬದಲಿಸಿತು. 1973ರಿಂದ ಕೆಳಮನೆಯಲ್ಲಿ ಆ ರಾಜ್ಯದ ಏಕೈಕ ಸದಸ್ಯರಾಗಿದ್ದ ರಿಪಬ್ಲಿಕನ್ ಡಾನ್ ಯಂಗ್ 2022ರ ಮಾರ್ಚಿನಲ್ಲಿ ತೀರಿಕೊಂಡರು. ಆಗಸ್ಟಿನ ಉಪಚುನಾವಣೆಯಲ್ಲಿ ಮತದಾರರು ಒಬ್ಬರನ್ನು ಆರಿಸುವ ಬದಲು ಮೊದಲ ಆಯ್ಕೆ, ಎರಡನೆಯ ಆಯ್ಕೆ ಎಂದು ಕ್ರಮವಾಗಿ ಗುರುತಿಸಬೇಕಿತ್ತು, ನಮ್ಮ ವಿಧಾನ ಪರಿಷತ್ತಿನ ಪದವೀಧರ ಕ್ಷೇತ್ರದ ಪ್ರಾಶಸ್ತ್ಯದ ಮತದಂತೆ. ರಿಪಬ್ಲಿಕನ್ನರಲ್ಲಿ ಸಾರಾ ಪೇಲಿನ್ ಮತ್ತು ನಿಕ್ ಬೆಗಿಚ್ ಪರಸ್ಪರ ಕಾದಾಡಿದರು. ಡೆಮಾಕ್ರಟಿಕ್ ಪಕ್ಷದಿಂದ ನಿಂತ, ಯುಪಿಕ್ ಬುಡಕಟ್ಟಿನ ಮೇರಿ ಪೆಲ್ಟೋಲಾ ಯಾರನ್ನೂ ಬೈಯದೆ ಮೀನುಗಾರಿಕೆಯ ಬಗ್ಗೆ, ಕುಟುಂಬದ ಬಗ್ಗೆ ಮಾತನಾಡಿದರು. ಬೆಗಿಚ್ ಹೊರಬಿದ್ದಾಗ ಅವರ ಬೆಂಬಲಿಗರಲ್ಲಿ ಬಹಳಷ್ಟು ಮಂದಿ ಎರಡನೆಯ ಆಯ್ಕೆಯನ್ನು ಪೇಲಿನ್‌ಗೆ ಕೊಟ್ಟಿರಲಿಲ್ಲ. ಪೆಲ್ಟೋಲಾ ಶೇ 51.5 ಪಡೆದರು, ಅಲಾಸ್ಕಾದ ಮೂಲನಿವಾಸಿಗಳಲ್ಲಿ ಅಮೆರಿಕದ ಸಂಸತ್ತಿಗೆ ಹೋದ ಮೊದಲಿಗರಾದರು.

ಎರಡನೆಯ ಪ್ರಶ್ನೆ ಕೇಳಿದವಳು ಕಾಲೇಜಿನ ವಿದ್ಯಾರ್ಥಿನಿ: “ಸರ್, ಈ ಗೆದ್ದವರೆಲ್ಲ ಆಮೇಲೆ ಸೋತಿದ್ದಾರಲ್ಲ? ಹಾಗಿದ್ದರೆ ಅಂಥ ಕಡೆ ನಿಲ್ಲುವುದು ದಂಡವಲ್ಲವೇ?” ಅವಳು ಹೇಳಿದ್ದು ಬಹುಮಟ್ಟಿಗೆ ನಿಜ. ಚೈಲ್ಡರ್ಸ್ 2010ರ ರಿಪಬ್ಲಿಕನ್ ಅಲೆಯಲ್ಲಿ ಕೊಚ್ಚಿಹೋದರು. ಪೆಲ್ಟೋಲಾ 2024ರಲ್ಲಿ ಬೆಗಿಚ್ ಅವರ ಎದುರು ಸೋತರು. ಅವಳ ವಾದಕ್ಕೆ ಬಲ ಕೊಡುವ ಇನ್ನೂ ದೊಡ್ಡ ಅಂಕಿಯನ್ನು ನಾನೇ ಹೇಳುತ್ತೇನೆ. 2008ರಲ್ಲಿ ಅಧ್ಯಕ್ಷ ಸ್ಥಾನಕ್ಕೆ ಒಂದು ಪಕ್ಷ, ಕೆಳಮನೆಗೆ ಇನ್ನೊಂದು ಪಕ್ಷ ಎಂದು ಆರಿಸಿದ ಕ್ಷೇತ್ರಗಳು 83 ಇದ್ದವು. 2020ರ ಹೊತ್ತಿಗೆ ಅವು 16ಕ್ಕೆ ಇಳಿದಿದ್ದವು. ಊರಿನ ಪತ್ರಿಕೆಗಳು ಮುಚ್ಚಿದವು, ಎಲ್ಲ ಮನೆಗಳಲ್ಲೂ ಅದೇ ರಾಷ್ಟ್ರೀಯ ವಾಹಿನಿ, ಮೊಬೈಲಿನಲ್ಲಿ ಅದೇ ಜಗಳ. ಚೈಲ್ಡರ್ಸ್ ಅವರಂಥ ಮನುಷ್ಯ ಇಂದು ನಿಂತರೆ ಅವರ ಕಚೇರಿಯ ಹದಿನೈದು ವರ್ಷ ನೆನಪಾಗುವ ಮುಂಚೆ ಅವರ ಪಕ್ಷದ ಬಣ್ಣ ಕಣ್ಣಿಗೆ ಬೀಳುತ್ತದೆ. 2025ರ ಡಿಸೆಂಬರಿನಲ್ಲಿ ಟೆನೆಸಿಯ ಏಳನೆಯ ಕ್ಷೇತ್ರದ ಉಪಚುನಾವಣೆಯಲ್ಲಿ ಡೆಮಾಕ್ರಟರು, 2024ರಲ್ಲಿ ಟ್ರಂಪ್ ಅಲ್ಲಿ ಪಡೆದಿದ್ದ 22 ಅಂಶಗಳ ಮುನ್ನಡೆಯ ಕಂದಕವನ್ನು ಸುಮಾರು 9ಕ್ಕೆ ಇಳಿಸಿದರು. ಆದರೂ ಸೋತರು. ಕಂದಕ ತುಂಬುವುದು ಬೇರೆ, ದಾಟುವುದು ಬೇರೆ.

ಆದರೂ ಆ ಹುಡುಗಿಗೆ ನಾನು ಕೊಟ್ಟ ಉತ್ತರ ಇದು. ಗೆಲ್ಲುವ ಸಾಧ್ಯತೆ ಎಷ್ಟು ಎಂದು ಸ್ಥಾನ ತೆರವಾದ ದಿನ ಕೂತು ಲೆಕ್ಕ ಹಾಕುವವರಿಗೆ ಉತ್ತರ ಯಾವಾಗಲೂ ‘ಇಲ್ಲ’ ಎಂದೇ ಬರುತ್ತದೆ. ಮರ್ಫಿ ಯಾವಾಗ ರಾಜೀನಾಮೆ ಕೊಡುತ್ತಾರೆಂದು ಯಾರಿಗೂ ಮುಂಚೆ ತಿಳಿದಿರಲಿಲ್ಲ. ಎದುರು ಪಕ್ಷ ಊರಿಗೆ ಒಗ್ಗದವನನ್ನು ನಿಲ್ಲಿಸುತ್ತದೆಂದೂ ತಿಳಿದಿರಲಿಲ್ಲ. ಗ್ರೀನ್ ಕೌಂಟಿಯಲ್ಲಿ ಡೆಮಾಕ್ರಟರಿಗೆ ಮತ ಕೇಳುವ ಸಂಘದ ಮನುಷ್ಯರು ಇನ್ನೂ ಉಳಿದಿದ್ದರು, ಆದ್ದರಿಂದ ನಾಲ್ಕೈದು ತಿಂಗಳಲ್ಲಿ ಕೆಲಸವಾಯಿತು. ಇನ್ನೆರಡು ಅವಧಿ ಕಣ ಖಾಲಿ ಬಿಟ್ಟಿದ್ದರೆ ಅವರೂ ಇರುತ್ತಿರಲಿಲ್ಲ. ಇದರಲ್ಲಿ ಪಕ್ಷದ ಲಾಭನಷ್ಟಕ್ಕಿಂತ ನನ್ನನ್ನು ಹೆಚ್ಚು ಕಾಡುವುದು ಮತದಾರನ ಸ್ಥಿತಿ. ಎದುರಾಳಿಯೇ ಇಲ್ಲದ ಸದಸ್ಯನಿಗೆ ಗಣಿ ಕಾರ್ಮಿಕನ ಪಿಂಚಣಿಯ ಬಗ್ಗೆ ಊರ ನಡುವೆ ನಿಂತು ಉತ್ತರ ಕೊಡುವ ಅಗತ್ಯ ಬೀಳುವುದಿಲ್ಲ. 2018ರ ಆ ಚಳಿಗಾಲದಲ್ಲಿ ಇಬ್ಬರು ಅಭ್ಯರ್ಥಿಗಳು ಅದೇ ಪ್ರಶ್ನೆಗೆ ಉತ್ತರ ಕೊಡಲು ಅದೇ ಊರುಗಳಿಗೆ ಹೋಗಬೇಕಾಯಿತು.

ಕೊನೆಗೆ ಆ ಕ್ಷೇತ್ರಕ್ಕೆ ಏನಾಯಿತು ಎಂದು ಹೇಳಿ ಮುಗಿಸುತ್ತೇನೆ. ಮತದಾನಕ್ಕೆ ಕೆಲವು ವಾರ ಮೊದಲೇ, ಅಂದರೆ 2018ರ ಫೆಬ್ರವರಿಯಲ್ಲೇ, ಪೆನ್ಸಿಲ್ವೇನಿಯಾದ ಸುಪ್ರೀಂ ಕೋರ್ಟ್ ರಾಜ್ಯದ ಹಳೆಯ ನಕ್ಷೆಯನ್ನು ತಳ್ಳಿಹಾಕಿ ಹೊಸದನ್ನು ಹೊರಡಿಸಿತ್ತು. ನವೆಂಬರಿನಿಂದ ಹಳೆಯ ಹದಿನೆಂಟನೆಯ ಕ್ಷೇತ್ರ ಇರುವುದಿಲ್ಲವೆಂದು ಎಲ್ಲರಿಗೂ ಗೊತ್ತಿತ್ತು. ಲ್ಯಾಂಬ್ ತಮ್ಮ ಮನೆಯಿದ್ದ ಹೊಸ ಹದಿನೇಳನೆಯ ಕ್ಷೇತ್ರಕ್ಕೆ ಹೋಗಿ ಅಲ್ಲಿ ರಿಪಬ್ಲಿಕನ್ ಸದಸ್ಯ ಕೀತ್ ರಾಥ್‌ಫಸ್ ಅವರನ್ನು ಸೋಲಿಸಿದರು. 2022ರಲ್ಲಿ ಸೆನೆಟ್ ಟಿಕೆಟ್‌ಗೆ ಪ್ರಯತ್ನಿಸಿ ಪ್ರೈಮರಿಯಲ್ಲಿ ಜಾನ್ ಫೆಟರ್‌ಮನ್ ಎದುರು ಸೋತರು. ಗ್ರೀನ್ ಮತ್ತು ವಾಷಿಂಗ್ಟನ್ ಕೌಂಟಿಗಳು ಹೊಸ ಹದಿನಾಲ್ಕನೆಯ ಕ್ಷೇತ್ರಕ್ಕೆ ಸೇರಿದವು, ಅಲ್ಲಿಂದ ರಿಪಬ್ಲಿಕನ್ ಪಕ್ಷದ ಗೈ ರೆಶೆಂಥಾಲರ್ ಆರಿಸಿಬಂದರು. ನಾಲ್ಕು ವರ್ಷ ಕಳೆದು 2022ರ ನವೆಂಬರ್ ಬಂದಾಗ ಅವರ ಎದುರು ಡೆಮಾಕ್ರಟಿಕ್ ಅಭ್ಯರ್ಥಿ ಇರಲಿಲ್ಲ. ಗ್ರೀನ್ ಕೌಂಟಿಯ ಗಣಿ ಕಾರ್ಮಿಕ ಮತಗಟ್ಟೆಗೆ ಹೋದಾಗ ಪ್ರತಿನಿಧಿ ಸಭೆಯ ಸ್ಥಾನಕ್ಕೆ ಮತ್ತೆ ಒಂದೇ ಹೆಸರು ಮುದ್ರಿತವಾಗಿತ್ತು.